ಧಾರವಾಡದ ಹಿತ್ತಲದಾಗ ಬೆತ್ತ: 14 ತಿಂಗಳಾದ್ರೂ ಮ್ಯಾಲೆ ಏಳವಲ್ದು

ಹಿತ್ತಲಗಿಡ (ಧಾರವಾಡ):

ಎಲ್ಲಾರಿಗೂ ನಮಸ್ಕಾರರೀ. ಹಿತ್ತಲದಾಗ ಮೂರು ಬೆತ್ತದ ಸಸಿ ಹಚ್ಚೇವಿ. ಕುರ್ಚಿ ಹೆಣಿಯೂ ಮುಳ್ಳಿನ ಬೆತ್ತ, ಬಿದಿರಲ್ಲ. ಹೋದ ವರ್ಷ ಜೂನ್ ಮೊದಲನೇ ವಾರ ಹಚ್ಚಿದ್ದು, ಈಗ 14 ತಿಂಗಳಾತು. ಒಂದೂ ಮ್ಯಾಲೆ ಏರಿಲ್ಲ.

ಜಾಗಾ ಮನಿ ಹಿಂದ, ಪಶ್ಚಿಮಕ್ಕ 18 ಅಡಿ ಅಗಲದ ಪಟ್ಟಿ. ನಡುವ 25 ಅಡಿ ಎತ್ತರದ ಬೇವಿನ ಗಿಡ ಐತಿ. ಬೆತ್ತದ ಸಸಿ ಅದರ ಬುಡದಿಂದ 2 ಅಡಿ ದೂರ, ಪಡುವಲ ಬಾಜೂಕ ಅದಾವ. ಮಧ್ಯಾಹ್ನದಿಂದ ಸಂಜಿ 5ರ ತನಕ ಬಿಸಿಲು ಹೊಡೀತದ. ಮಣ್ಣು ಎರಿ, ಅಂದ್ರ ಕರಿ ಜಿಗಟು ಮಣ್ಣು. 2 ಅಡಿ ಉದ್ದ, ಅಗಲ, ಆಳದ ತಗ್ಗು ತೆಗೆದು ಕೆಂಪು ಮಣ್ಣು, ಉಸುಕು, ತಿಪ್ಪಿಗೊಬ್ಬರ ಸಮಾಸಮ ಕಲಿಸಿ ತುಂಬೇವಿ. ನಳದ ನೀರು ಮನಿಗೇ ಸಾಲಂಗಿಲ್ಲ, ಗಿಡಕ್ಕೆಲ್ಲ ಬೋರಿನ ನೀರು. ಬಕೀಟಿಗೆ ಬಿಳಿ ಕಲಿ ಕೂಡ್ತದ.

ಎರಡು ಸಸಿಗೆ ಮುಳ್ಳು ದಂಡಿ ಅದಾವ, ಎತ್ತರ ಒಂದೂವರಿ ಅಡಿ, ಗರಿ 7–8. ಹೊಸಾ ಗರಿ ಹಳದಿ, ನರ ಅಷ್ಟ ಹಸರು. ಮೂರನೇದ್ದಕ್ಕ ಒಂದೂ ಮುಳ್ಳಿಲ್ಲ, ಆದ್ರ ಚಂದಂಗ ಬೆಳದು 4 ಅಡಿ ಆಗೇದ. ಅಂಗಡ್ಯಾಗ ಮೂರನ್ನೂ ಕೇನ್ ಅಂತನ ಕೊಟ್ಟಾರ. ಮುಳ್ಳಿಲ್ಲದ್ದು ಗಂಡು ಅಂತ ಒಬ್ಬರು ಹೇಳಿದ್ರು, ಖರೆ ಏನ್ರಿ? ಏರಲಿಕ್ಕೆ ಬೇವಿಗೆ ಹಗ್ಗ ಹಾಕಿ ಕಟ್ಟಬೇಕೋ, ಗೊಬ್ಬರ ಕಡಿಮಿ ಆಗೇದೋ, ಜಾಗಾನ ತಪ್ಪೋ?

ಅರೆಮಲೆನಾಡು (ಕಲಘಟಗಿ):

ಆ ಮುಳ್ಳಿಲ್ಲದ ಸಸಿ ಬೆತ್ತವೇ ಅಲ್ಲ. ಬೆತ್ತದಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆಬೇರೆ ಇರುವುದು ನಿಜ. ಆದರೆ ಎರಡಕ್ಕೂ ಮುಳ್ಳು ಒಂದೇ ಥರ. ಹೂ ಬಿಡುವವರೆಗೆ ಯಾವುದು ಏನೆಂದು ಯಾರಿಂದಲೂ ಹೇಳಲಾಗದು. ನರ್ಸರಿಗಳಲ್ಲಿ ಕೇನ್ ಪಾಮ್ ಎಂದು ಸಾಮಾನ್ಯವಾಗಿ ಸಿಗುವುದು ಅರೆಕಾ ಪಾಮ್, ಮಡಗಾಸ್ಕರ್ ಮೂಲದ ಅಲಂಕಾರದ ಗಿಡ. ಬುಡದಲ್ಲಿ ಹಳದಿ ದಂಟುಗಳು ಗುಂಪಾಗಿ ಎದ್ದಿದ್ದರೆ ಅದೇ. ಅದನ್ನು ಕುಂಡಕ್ಕೆ ಎತ್ತಿ ವರಾಂಡದಲ್ಲಿ ಇಟ್ಟುಕೊಳ್ಳಿ. ಅದು ಏರುವುದಿಲ್ಲ, ಅದರಿಂದ ಬೆತ್ತವೂ ಬರುವುದಿಲ್ಲ.

ಮುಳ್ಳಿದೆ ಎಂದ ಮಾತ್ರಕ್ಕೆ ಉಳಿದೆರಡೂ ಬೆತ್ತ ಎಂದು ನಂಬಬೇಡಿ. ಈಚಲ ಸಸಿಗೂ ಮುಳ್ಳಿರುತ್ತದೆ. ಎರಡು ಕಡೆ ನೋಡಿ. ಈಚಲಲ್ಲಿ ಮುಳ್ಳು ಗರಿಯ ದಿಂಡಿನ ಬುಡದಲ್ಲಿ ಮಾತ್ರ, ಎಸಳೇ ಮೊನಚಾಗಿ ಮುಳ್ಳಾದದ್ದು. ಬೆತ್ತದಲ್ಲಿ ಕಾಂಡವನ್ನು ಸುತ್ತಿದ ಹಾಳೆಯ ಮೈಮೇಲೆಲ್ಲ ಮುಳ್ಳು. ಇನ್ನೊಂದು, ಎಸಳನ್ನು ಅಡ್ಡ ಕತ್ತರಿಸಿ ತುದಿಯ ಕಡೆಯಿಂದ ನೋಡಿ. ಈಚಲ ಎಸಳು ನೀರು ಹಿಡಿಯುವ ದೋಣಿಯಂತೆ ಮೇಲಕ್ಕೆ ಮಡಚಿರುತ್ತದೆ. ಬೆತ್ತದ ಎಸಳು ಮನೆಯ ಮಾಡಿನಂತೆ ಕೆಳಕ್ಕೆ ಇಳಿಜಾರಾಗಿರುತ್ತದೆ. ಈ ಗುರುತು ತಪ್ಪುವುದಿಲ್ಲ.

ಇನ್ನು 14 ತಿಂಗಳಿಗೆ ಏರಿಲ್ಲ ಎಂಬ ಚಿಂತೆ. ಅಷ್ಟರಲ್ಲಿ ಏರಿದ್ದರೆ ಅದೇ ಆಶ್ಚರ್ಯ. ಬೆತ್ತ ತಾಳೆ, ತೆಂಗು, ಅಡಿಕೆಯ ಕುಲದ್ದು. ಮಾವು, ಬೇವಿನ ಕಾಂಡ ವರ್ಷವರ್ಷವೂ ದಪ್ಪವಾಗುತ್ತದೆ. ಈ ಕುಲಕ್ಕೆ ಆ ಶಕ್ತಿ ಇಲ್ಲ. ಎಷ್ಟು ದಪ್ಪದ ಕಾಂಡ ಬೇಕೋ ಅಷ್ಟು ದಪ್ಪದ ಸುಳಿಯನ್ನು ನೆಲದ ಮಟ್ಟದಲ್ಲೇ ಕಟ್ಟಿಕೊಂಡು, ಆಮೇಲೆ ಅದೇ ದಪ್ಪದಲ್ಲಿ ಮೇಲೆ ಹೊರಡುತ್ತದೆ. ಅಲ್ಲಿಯವರೆಗೆ ಗರಿಗಳು ಬುಡದಿಂದಲೇ ಎದ್ದು ಹುಲ್ಲಿನ ಕಂಟಿಯಂತೆ ಕಾಣುತ್ತವೆ. ಒಳ್ಳೆಯ ಆರೈಕೆಯಲ್ಲಿ ಈ ಹಂತಕ್ಕೆ ಎರಡು ಮೂರು ವರ್ಷ ಬೇಕು. ಅದು ದಾಟಿದ ಮೇಲೆ ವರ್ಷಕ್ಕೆ 1ರಿಂದ 3 ಮೀಟರ್ ಏರೀತು. ನಮ್ಮ ಕಡೆಯ ಬೇಸಿಗೆಯಲ್ಲಿ 1 ಮೀಟರ್ ಎಂದೇ ಲೆಕ್ಕ ಹಿಡಿಯಿರಿ. ಅವಸರಕ್ಕೆ ಯೂರಿಯಾ ಸುರಿದರೆ ಗರಿ ಉದ್ದವಾಗುತ್ತದೆ, ಕಾಂಡ ಬೇಗ ಹೊರಡುವುದಿಲ್ಲ.

ನಿಮ್ಮಲ್ಲಿ ತಪ್ಪಿರುವುದು ಬಿಸಿಲು. ಕಾಡಿನಲ್ಲಿ ಬೆತ್ತದ ಸಸಿ ಹುಟ್ಟುವುದು ದೊಡ್ಡ ಮರಗಳ ನೆರಳಲ್ಲಿ, ತೇವದ ತರಗೆಲೆಯ ನಡುವೆ. ಪಡುವಲ ಬಿಸಿಲು ಎಳೆ ಗರಿಯನ್ನು ಸುಡುತ್ತದೆ. ಮೊದಲ ಎರಡು ವರ್ಷ 50 ಶೇಕಡಾ ನೆರಳಿನ ಹಸಿರು ನೆಟ್ ಬೇಕು. ಹಾಗಂತ ಕಾಯಂ ನೆರಳೂ ಆಗದು. ಬರೀ ನೆರಳಲ್ಲಿ ಬಿಟ್ಟರೆ ಸಸಿ ಸಾಯುವುದೂ ಇಲ್ಲ, ಏಳುವುದೂ ಇಲ್ಲ, ಏಳೆಂಟು ವರ್ಷ ಹಾಗೇ ಕೂತಿರುತ್ತದೆ. ಮೂರನೇ ವರ್ಷ ಮೇಲಿನಿಂದ ಬೆಳಕು ಬೀಳುವಂತೆ ನೆಟ್ ತೆಗೆಯಬೇಕು, ಬೇವಿನ ಕೆಳಗಿನ ಒಂದೆರಡು ಟೊಂಗೆ ಸವರಬೇಕು. ಬುಡ ತಂಪಾಗಿ, ತಲೆಗೆ ಬೆಳಕು ಸಿಕ್ಕರೆ ಬೆತ್ತ ಏರುತ್ತದೆ.

ಎರಿಹೊಲ (ಗದಗ):

ಬಿಸಿಲಿನ ಮಾತು ಸರಿ, ಆದ್ರ ನನ್ನ ಪ್ರಕಾರ ದೊಡ್ಡ ತಪ್ಪು ಆ ತಗ್ಗು.

ಎರಿ ಮಣ್ಣಾಗ 2 ಅಡಿ ತಗ್ಗು ತೋಡಿ ಅದರಾಗ ಉಸುಕು, ಕೆಂಪು ಮಣ್ಣು ತುಂಬಿದ್ರ ಅದು ತಗ್ಗಲ್ಲ, ತೊಟ್ಟಿ. ಸುತ್ತಲಿನ ಎರಿ ತೊಯ್ದು ಉಬ್ಬಿ ಗಟ್ಟಿ ಆಗ್ತದ, ನೀರು ಬಿಡಂಗಿಲ್ಲ. ಮಳಿ ನೀರೆಲ್ಲ ಸಡಿಲ ಮಣ್ಣಿನ ತಗ್ಗಿಗೇ ಇಳಿದು ಅಲ್ಲೇ ನಿಲ್ತದ. ಬೆತ್ತಕ್ಕ ತೇವ ಬೇಕು, ಆದ್ರ ನಿಂತ ನೀರಾಗ ಬೇರಿಗೆ ಉಸಿರು ಸಿಗಂಗಿಲ್ಲ, ಕೊಳೀತಾವ. ಬ್ಯಾಸಿಗ್ಯಾಗ ಅದೇ ಎರಿ ಕೈ ಹೋಗೂವಷ್ಟು ಬಿರುಕು ಬಿಟ್ಟು ಉಳಿದ ಬೇರು ಹರೀತದ. ಬೆತ್ತದ ಬೇರು ಬಹಳಷ್ಟು ಮ್ಯಾಲಿನ ಒಂದು ಒಂದೂವರಿ ಅಡ್ಯಾಗನ ಹರಡ್ತಾವ, ಹಿಂಗಾಗಿ ಎರಡೂ ಪೆಟ್ಟು ಅವಕ್ಕ ನೇರ ಬೀಳ್ತಾವ.

ಪರೀಕ್ಷಾ ಮಾಡ್ರಿ. ಗಿಡದಿಂದ 3 ಅಡಿ ದೂರ 1 ಅಡಿ ಅಗಲ, 1 ಅಡಿ ಆಳದ ಕುಣಿ ತೆಗೀರಿ. ಒಮ್ಮೆ ನೀರು ತುಂಬಿ ಪೂರ್ತಿ ಇಂಗಲಿ, ಮತ್ತ ತುಂಬ್ರಿ. ಎರಡನೇ ಸಲ ತಾಸಿಗೆ 1 ಇಂಚಿಗಿಂತ ಕಡಿಮಿ ಇಳಿದ್ರ ಆ ಜಾಗದಾಗ ತಗ್ಗಿನ ನಾಟಿ ಬ್ಯಾಡ, ದಿಬ್ಬನ ಮಾಡಬೇಕು.

ಹಳದಿ ಗರಿ ವಿಷಯ. ಹೊಸಾ ಗರಿ ಹಳದಿ ಆಗಿ ನರ ಹಸರು ಉಳಿದ್ರ ಕಬ್ಬಿಣದ ಅಂಶ ಸಿಗವಲ್ದು ಅಂತ ಅರ್ಥ. ಹಳೇ ಗರಿ ಅಂಚಿನಿಂದ ಹಳದಿ ಆದ್ರ ಮೆಗ್ನೀಷಿಯಂ, ಹಳೇ ಗರಿ ತುದಿ ಕಂದಾಗಿ ಒಣಗಿದ್ರ ಪೊಟ್ಯಾಶ್ ಇಲ್ಲಾ ನೀರಿನ ಉಪ್ಪು. ನಿಮ್ಮದು ಮೊದಲನೇದು. ಎರಿ ಮಣ್ಣಾಗ ಸುಣ್ಣ ಜಾಸ್ತಿ, ಮ್ಯಾಲೆ ಬೋರಿನ ನೀರೂ ಸುಣ್ಣದ್ದು. ಮಣ್ಣಾಗ ಕಬ್ಬಿಣ ಇರ್ತದ, ಆದ್ರ ಬೇರಿಗೆ ಕರಗಿ ಸಿಗಂಗಿಲ್ಲ. ನೀರು ನಿಂತು ಬೇರು ಸೋತಿದ್ರ ಇದು ಇನ್ನೂ ಹೆಚ್ಚು.

ಅದಕ್ಕ ಫೆರಸ್ ಸಲ್ಫೇಟ್ ಮಣ್ಣಿಗೆ ಹಾಕಬ್ಯಾಡ್ರಿ, ಸುಣ್ಣದ ಮಣ್ಣಾಗ ಅದು ಕಟ್ಟಿಕೊಂಡು ಕೂಡ್ತದ. ಗರಿಗೆ ಹೊಡೀರಿ. 1 ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್. ಮೊದಲ ಆಸಿಡ್ ಕರಗಿಸಿ ಆಮ್ಯಾಲೆ ಫೆರಸ್. ಸಂಜಿಮುಂದ ಗರಿಯ ಎರಡೂ ಮೈಗೆ, 15 ದಿನಕ್ಕೊಮ್ಮೆ ಮೂರು ಸಲ. ಕಲಿಸಿಟ್ಟ ನೀರು ತುಕ್ಕಿನ ಬಣ್ಣಕ್ಕ ತಿರುಗಿದ್ರ ಚೆಲ್ಲಿಬಿಡ್ರಿ, ಅದರಾಗ ಕಸುವಿಲ್ಲ. ಮಣ್ಣಿಗೇ ಕೊಡಬೇಕಂದ್ರ ಇಡಿಡಿಎಚ್‌ಎ (EDDHA, ಸುಣ್ಣದ ಮಣ್ಣಾಗೂ ಕಬ್ಬಿಣ ಕರಗಿದಂಗ ಹಿಡಿದಿಡೂ ರಾಸಾಯನಿಕ) ರೂಪದ ಕಬ್ಬಿಣ ತಗೋರಿ. ಇಡಿಟಿಎ (EDTA) ರೂಪದ್ದು ಅಗ್ಗ ಸಿಗ್ತದ, ಆದ್ರ ನಮ್ಮ ಸುಣ್ಣದ ಮಣ್ಣಾಗ ಅದು ತಡೀಯಂಗಿಲ್ಲ. ಡಬ್ಬಿ ಮ್ಯಾಲಿನ ಅಕ್ಷರ ಓದಿ ಕೊಳ್ರಿ. ಈಗಾಗಲೇ ಹಳದಿ ಆದ ಗರಿ ಪೂರ್ತಿ ಹಸರಾಗಲಿಕ್ಕಿಲ್ಲ. ಮುಂದಿನ ಗರಿ ಹಸರು ಬಂದ್ರ ಗೆದ್ದಂಗ.

ಬಚ್ಚಲ ನೀರು ಬಿಡೂ ವಿಚಾರ ಇದ್ರ ಅದನ್ನ ಬಾಳೀಗಿಡಕ್ಕ ಬಿಡ್ರಿ. ಅದರಾಗೂ ಅರಿವಿ ಒಗೆದ ಪೌಡರಿನ ನೀರು ಬೆತ್ತದ ಹತ್ರ ಬರಬಾರದು. ಅದರ ಸೋಡಿಯಂ ಎರಿ ಮಣ್ಣಿನ ಕಣ ಬಿಡಿಸಿ ರಂಧ್ರ ಮುಚ್ಚಿಬಿಡ್ತದ.

ಹಿತ್ತಲಗಿಡ (ಧಾರವಾಡ):

ಇಬ್ಬರಿಗೂ ಉಪಕಾರ ಆತ್ರಿ. ಎಸಳು ಕತ್ತರಿಸಿ ನೋಡಿದ್ವಿ, ಎರಡೂ ಮಾಡಿನಂಗ ಇಳಿಜಾರ ಅದಾವ, ಮುಳ್ಳು ಹಾಳಿ ಮ್ಯಾಲೆ ಅದಾವ. ಬೆತ್ತನ. ಕುಣಿ ಪರೀಕ್ಷಾನೂ ಮಾಡಿದ್ವಿ, ಎರಡನೇ ಸಲ 6 ತಾಸಿಗೆ 2 ಇಂಚು ಇಳೀತು. ಹಂಗಾದ್ರ ಕಿತ್ತು ಬ್ಯಾರೆ ಕಡೆ ಹಚ್ಚಬೇಕೇನ್ರಿ? ಕಿತ್ತರ ಸಾಯಂಗಿಲ್ಲಾ?

ಅರೆಮಲೆನಾಡು (ಕಲಘಟಗಿ):

ಕೀಳಬೇಡಿ, ಪಕ್ಕದಲ್ಲಿ ಚರಂಡಿ ತೋಡಿ ಎಂದು ಬರೆಯಲು ಹೊರಟಿದ್ದೆ. 6 ತಾಸಿಗೆ 2 ಇಂಚು ಎಂದ ಮೇಲೆ ಗದಗಿನವರ ಮಾತೇ ಸರಿ. ಎತ್ತಲೇಬೇಕು. ಕಾಂಡ ಎದ್ದ ಮೇಲೆ ಬೆತ್ತವನ್ನು ಸ್ಥಳ ಬದಲಿಸುವುದು ಬಹಳ ಕಷ್ಟ, ಈ ಹಂತದಲ್ಲಿ ಆಗುತ್ತದೆ. ಆಗಸ್ಟ್, ಸೆಪ್ಟೆಂಬರಿನ ಮೋಡದ ದಿನಗಳು ಇದಕ್ಕೆ ಹೊಂದುತ್ತವೆ. ಮಾರ್ಚ್ ಮೇಲೆ ಮುಟ್ಟಬೇಡಿ.

ಮೊದಲು ಹೊಸ ಜಾಗ ತಯಾರಾಗಲಿ. ಬೇವಿನ ಮೂಡಣ ಬದಿಗೆ, ಬುಡದಿಂದ 4ರಿಂದ 5 ಅಡಿ ದೂರ. ಮುಂಜಾನೆಯ ಎಳೆಬಿಸಿಲು ಸಿಗುತ್ತದೆ, ಮಧ್ಯಾಹ್ನದ ಮೇಲೆ ಮರದ್ದೇ ನೆರಳು. 2 ಅಡಿ ಅಂತರವಂತೂ ಬಹಳ ಹತ್ತಿರ, ಬೇವಿನ ಬೇರು ಇದಕ್ಕೆ ಹನಿ ನೀರು ಉಳಿಸುವುದಿಲ್ಲ. ಅಲ್ಲಿ ತಗ್ಗು ತೋಡಬೇಡಿ. ಮೇಲಿನ ಅರ್ಧ ಅಡಿ ಎರಿಯನ್ನು ಗುದ್ದಲಿಯಿಂದ ಸಡಿಲಿಸಿ, ನಡುವೆ ಎತ್ತರ, ಅಂಚಿಗೆ ಇಳಿಜಾರು ಬರುವಂತೆ ಎಳೆಯಿರಿ. ದಿಬ್ಬದಿಂದ ಇಳಿದ ನೀರು ಹೊರಕ್ಕೆ ಹರಿಯಬೇಕು, ಅಡಿಯಲ್ಲಿ ನಿಲ್ಲಬಾರದು. ಅದರ ಮೇಲೆ 5 ಅಡಿ ಅಗಲ, ಒಂದೂವರೆ ಅಡಿ ಎತ್ತರದ ದಿಬ್ಬ. ಮಸಾರಿ ಮಣ್ಣು (ಕೆಂಪು ಮಣ್ಣು) 3 ಪಾಲು, ದಪ್ಪ ಉಸುಕು 1 ಪಾಲು, ಪೂರ್ತಿ ಕಳಿತ ತಿಪ್ಪೆಗೊಬ್ಬರ 1 ಪಾಲು. ಒಂದು ದಿಬ್ಬಕ್ಕೆ ಎಲ್ಲ ಸೇರಿ ಸುಮಾರು 20 ಘನ ಅಡಿ ಬೇಕಾಗುತ್ತದೆ. ಜೊತೆಗೆ ಅರ್ಧ ಕಿಲೋ ಬೇವಿನ ಹಿಂಡಿ. ನೀವು ಗೊಬ್ಬರ ಸಮಪಾಲು ಹಾಕಿದ್ದು ಹೆಚ್ಚಾಯಿತು. ಅದು ಕರಗುತ್ತ ಹೋದ ಹಾಗೆ ಮಣ್ಣು ಕುಸಿದು ಸಸಿಯ ಕುತ್ತಿಗೆ ಹೂತುಹೋಗುತ್ತದೆ. ಸುತ್ತ ಒಡ್ಡು ಕಲ್ಲು ಇಟ್ಟರೆ ಮಳೆಗೆ ಕರಗದು.

ಎತ್ತುವ ಹಿಂದಿನ ದಿನ ಚೆನ್ನಾಗಿ ನೀರು ಹಾಕಿ. ಗರಿಗಳನ್ನು ಮೇಲಕ್ಕೆ ಸೇರಿಸಿ ಗೋಣಿಯಲ್ಲಿ ಸುತ್ತಿ ಕಟ್ಟಿ, ಕೈಗೆ ಮುಳ್ಳು ತಾಗುವುದಿಲ್ಲ. ಬುಡದಿಂದ ಸುತ್ತಲೂ 1 ಅಡಿ ಬಿಟ್ಟು ಸಲಿಕೆ ನೇರವಾಗಿ ಇಳಿಸಿ, ಮಣ್ಣಿನ ಹೆಂಟೆ ಒಡೆಯದ ಹಾಗೆ ಕೆಳಗೆ ಗೋಣಿ ತೂರಿಸಿ ಇಬ್ಬರು ಎತ್ತಿ. ಕಪ್ಪಾಗಿ ಮೆತ್ತಗಾದ ಬೇರು ಕಂಡರೆ ಕತ್ತರಿಸಿಬಿಡಿ. ಬಿಳಿ, ಕಂದು ಗಟ್ಟಿ ಬೇರು ಉಳಿಯಲಿ. ದಿಬ್ಬದಲ್ಲಿ ಕೂರಿಸುವಾಗ ಹಳೆಯ ಮಣ್ಣಿನ ಮಟ್ಟ ಎಲ್ಲಿತ್ತೋ ಅಲ್ಲೇ ಇರಲಿ. ಒಂದು ಇಂಚು ಆಳ ಹೋದರೂ ಸುಳಿ ಕೊಳೆಯುವ ಭಯ. ತೀರ ಹಳೆಯ ಎರಡು ಮೂರು ಗರಿ ತೆಗೆಯಿರಿ, ಉಳಿದದ್ದು ಇರಲಿ. ಎರಡು ತಿಂಗಳು ನೆಟ್ ಬಿಗಿಯಾಗಿ ಕಟ್ಟಿ. ಹಳೆಯ ಗರಿ ಒಣಗಿದರೆ ಹೆದರಬೇಡಿ. ನಡುವಿನ ಸುಳಿ ಎಳೆದರೆ ಗಟ್ಟಿಯಾಗಿದೆಯೇ ನೋಡಿ. ಅದು ಕಿತ್ತು ಕೈಗೆ ಬಂದರೆ ಮಾತ್ರ ಗಿಡ ಹೋಯಿತು.

ಹಳೆಯ ತಗ್ಗಿಗೆ ಅದೇ ಎರಿ ಮಣ್ಣು ತುಂಬಿ ತುಳಿಯಿರಿ, ಇಲ್ಲದಿದ್ದರೆ ಬೇವಿನ ಬುಡಕ್ಕೇ ನೀರು ನಿಲ್ಲುತ್ತದೆ.

ಎರಿಹೊಲ (ಗದಗ):

ಒಂದು ಸೇರಿಸ್ತೀನಿ. ದಿಬ್ಬ ಬ್ಯಾಸಿಗ್ಯಾಗ ಲಗೂನ ಒಣಗ್ತದ. ಕಬ್ಬಿನ ರವದಿ ಇಲ್ಲಾ ಒಣ ಎಲಿ 4 ಇಂಚು ದಪ್ಪ ಹೊದಿಸಿರಿ, ಆದ್ರ ಬುಡದಿಂದ ಅರ್ಧ ಅಡಿ ಬಿಟ್ಟು. ಬುಡಕ್ಕ ತಾಗಿದ್ರ ಗೆದ್ದಲು ಒಣ ಹಾಳಿಗೆ ಏರ್ತಾವ. ಮಾರ್ಚದಿಂದ ಮೇ ತನಕ ಗಿಡಕ್ಕ ದಿನಾ ಬಿಟ್ಟು ದಿನಾ 15 ಲೀಟರ್. ಡ್ರಿಪ್ ಇದ್ರ ತಾಸಿಗೆ 4 ಲೀಟರಿನ ಎರಡು ಹನಿ, ಎರಡು ತಾಸು. ಮಾಳಿಗಿ ಮ್ಯಾಲಿನ ಮಳಿ ನೀರು ಡ್ರಮ್ಮಿನಾಗ ಹಿಡಿದಿಟ್ಟು ತಿಂಗಳಿಗೆ ಎರಡು ಸಲ ಅದನ್ನ ಪೂರ್ತಿ ತೊಯ್ಯೂ ಹಂಗ ಕೊಟ್ರ ಬೋರಿನ ಉಪ್ಪು ಕೆಳಗ ತೊಳಕೊಂಡು ಹೋಗ್ತದ.

ಎಲೆಬಳ್ಳಿ (ಹಾನಗಲ್ಲ):

ಹಗ್ಗದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಬೆತ್ತ ಎಲೆಬಳ್ಳಿಯ ಹಾಗೆ ಬೇರು ಕಚ್ಚಿ ಏರುವುದಿಲ್ಲ, ಅವರೆಯ ಹಾಗೆ ಸುತ್ತಿಕೊಂಡೂ ಏರುವುದಿಲ್ಲ. ಅದಕ್ಕೆ ಚಾವಟಿ ಇದೆ. ಕೆಲವು ಜಾತಿಯಲ್ಲಿ ಗರಿಯ ತುದಿಯೇ ಚಾವಟಿಯಾಗಿ ಚಾಚಿರುತ್ತದೆ, ಕೆಲವದರಲ್ಲಿ ಕಾಂಡದ ಹಾಳೆಯಿಂದ ಬೇರೆಯಾಗಿ ಹೊರಡುತ್ತದೆ. ಅದರ ಮೈತುಂಬ ಹಿಂದಕ್ಕೆ ಬಾಗಿದ ಕೊಕ್ಕೆಗಳು. ಗಾಳಿಗೆ ತೂಗಾಡಿ ಎಲ್ಲೋ ಟೊಂಗೆಗೆ ಕೊಕ್ಕೆ ಸಿಕ್ಕಿಸಿ, ಹಿಡಿತ ಸಡಿಲಬಿಡದೆ ಮೇಲೆ ಸಾಗುತ್ತದೆ. ಕಟ್ಟುವ ಅಗತ್ಯವೇ ಇಲ್ಲ. ಕಾಂಡ ಎದ್ದ ಮೊದಲ ವರ್ಷ ಒಂದು ಕವಲಿನ ಕೋಲನ್ನು ಮರದ ಕಡೆ ಓರೆಯಾಗಿ ಒರಗಿಸಿ ದಾರಿ ತೋರಿಸಿದರೆ ಸಾಕು. ಕಬ್ಬಿಣದ ನುಣುಪು ಪೈಪು ನೆಟ್ಟರೆ ಕೊಕ್ಕೆ ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ಕಾದು ಎಳೆ ಗರಿ ಸುಡುತ್ತದೆ. ಆಧಾರ ಸಿಗದಿದ್ದರೆ ಕಾಂಡ ನೆಲಕ್ಕೆ ಬಿದ್ದು ಹಾವಿನಂತೆ ಹರಿದು ಪಕ್ಕದವರ ಹಿತ್ತಲಲ್ಲಿ ತಲೆ ಎತ್ತುತ್ತದೆ.

ಬೇವು ಆಯ್ದದ್ದು ಒಳ್ಳೆಯದಾಯಿತು. ಹೊಂಗೆಯೂ ನಡೆಯುತ್ತದೆ. ಮಾವು, ತೆಂಗು ಬೇಡ. ಕಾಯಿ ಕೀಳಲು ಹತ್ತುವ ಮರಕ್ಕೆ ಬೆತ್ತ ಬಿಟ್ಟರೆ ಐದನೇ ವರ್ಷದಿಂದ ಆ ಮರದ ಕಾಯಿ ನಿಮ್ಮದಲ್ಲ. ಬಟ್ಟೆ ಒಣಹಾಕುವ ತಂತಿ, ಬಚ್ಚಲ ಬಾಗಿಲು, ಮಕ್ಕಳು ಓಡಾಡುವ ದಾರಿ, ಇವುಗಳಿಂದ ಕನಿಷ್ಠ 10 ಅಡಿ ಇರಬೇಕು.

ಮುಳ್ಳಿನ ವಿಷಯದಲ್ಲಿ ಎಚ್ಚರ. ನೇರ ಮುಳ್ಳು ಚುಚ್ಚುತ್ತದೆ, ಕೊಕ್ಕೆ ಹಿಡಿಯುತ್ತದೆ. ಚಾವಟಿ ಅಂಗಿಗೋ ಕಿವಿಗೋ ಸಿಕ್ಕಿದರೆ ಮುಂದಕ್ಕೆ ಎಳೆಯಬಾರದು, ಎಳೆದಷ್ಟೂ ಒಳಗಿಳಿಯುತ್ತದೆ. ಬಂದ ದಿಕ್ಕಿಗೇ ಒಂದು ಹೆಜ್ಜೆ ಹಿಂದೆ ಸರಿದು ಕೊಕ್ಕೆ ಬಿಡಿಸಿಕೊಳ್ಳಬೇಕು. ಕೆಲಸಕ್ಕೆ ಇಳಿಯುವಾಗ ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ದಪ್ಪ ಬಟ್ಟೆಯ ತುಂಬುತೋಳಿನ ಅಂಗಿ. ಬಟ್ಟೆಯ ಕೈಗವಸು ಇದ್ದರೂ ಇಲ್ಲದಂತೆಯೇ. ಉದ್ದ ಹಿಡಿಯ ಕತ್ತರಿಯಿಂದ ಮೊದಲು ಚಾವಟಿ ಕತ್ತರಿಸಿ, ಆಮೇಲೆ ಗರಿ. ಕತ್ತರಿಸಿದ ಚೂರುಗಳನ್ನು ಹಾಗೇ ಬಿಡಬೇಡಿ, ಒಣಗಿದ ಮೇಲೆ ಚಪ್ಪಲಿಯನ್ನೂ ತೂರುತ್ತವೆ. ಚರ್ಮದಲ್ಲಿ ಮುಳ್ಳು ಮುರಿದರೆ ಚಿಮಟದಿಂದ ತೆಗೆದು ಸಾಬೂನಿನಿಂದ ತೊಳೆಯಿರಿ. ಆಳಕ್ಕೆ ಹೊಕ್ಕಿದ್ದರೆ ಧನುರ್ವಾಯುವಿನ ಸೂಜಿ, ಕಣ್ಣಿನ ಬಳಿ ಅಥವಾ ಬೆರಳ ಕೀಲಿನಲ್ಲಾದರೆ ಅಂದೇ ದವಾಖಾನೆ.

ಹೊಸಬೇಲಿ (ಹಾವೇರಿ):

ಇಲ್ಲೇ ಕೇಳ್ತೀನಿ, ಬ್ಯಾರೆ ಎಳಿ ಬ್ಯಾಡ. ಬೆತ್ತದ ತುಂಡು ದಾಸವಾಳದಂಗ ನೆಲಕ್ಕ ಚುಚ್ಚಿದ್ರ ಚಿಗೀತದೇನ್ರಿ? ಬೀಜ ಆದ್ರ ಹೆಂಗ? ಹೊಲದ ಸುತ್ತ ಬೇಲಿಗೆ 200 ಗಿಡ ಬೇಕಾಗೇದ.

ಎರಿಹೊಲ (ಗದಗ):

ಬೇಲಿಗೆ ಬ್ಯಾಡ್ರಿ. ಗದಗ ಕಡೆ ವರ್ಷದ ಮಳಿ 600 ಮಿ.ಮೀ. ಆಜೂಬಾಜೂ, ಹಾವೇರಿ ಅದಕ್ಕಿಂತ ತುಸು ಮ್ಯಾಲೆ. ಬೆತ್ತದ ತವರುಮನಿ ಘಟ್ಟದಾಗ ಅದರ ಮೂರು ನಾಲ್ಕು ಪಟ್ಟು ಬೀಳ್ತದ. ಮನಿ ಹಿಂದ ಎರಡು ಗಿಡಕ್ಕ ನೀರು ಹೊರಬಹುದು, 200ಕ್ಕ ಆಗಂಗಿಲ್ಲ. ಅಸ್ಸಾಮಿನ ಹಿತ್ತಲಗಳಾಗ ಬೆತ್ತ ಬೆಳೀತಾರ ಖರೆ, ಅಲ್ಲಿ ಮಳಿ, ನೆಲದ ತೇವ ಬ್ಯಾರೆ. ಹೊಲಕ್ಕ ಕವಳಿಕಂಟಿ ಹಚ್ಚರಿ. ಮುಳ್ಳೂ ಆತು, ಹಣ್ಣೂ ಆತು, ಒಮ್ಮೆ ಹತ್ತಿದ್ರ ನೀರು ಕೇಳಂಗಿಲ್ಲ.

ಅರೆಮಲೆನಾಡು (ಕಲಘಟಗಿ):

ತುಂಡು ಚಿಗುರುವುದಿಲ್ಲ. ಬೆತ್ತದ ಕಾಂಡಕ್ಕೆ ಬೆಳೆಯುವ ಜಾಗ ತುದಿಯ ಸುಳಿ ಒಂದೇ. ಗುಂಪಾಗಿ ಬೆಳೆಯುವ ಜಾತಿಯಲ್ಲಿ ಬುಡದ ಮರಿಗಳನ್ನು ಬೇರು ಸಮೇತ ಬೇರ್ಪಡಿಸಬಹುದು, ಆದರೆ ಅರ್ಧಕ್ಕರ್ಧ ಸೋಲುತ್ತವೆ. ಮರಿ 1 ಅಡಿ ದಾಟಿರಬೇಕು, ಅದಕ್ಕೆ ತನ್ನದೇ ಬೇರು ಮೂಡಿರಬೇಕು, ಜೂನ್ ಮಳೆಯಲ್ಲೇ ಆಗಬೇಕು.

ಬೀಜವೇ ಸರಿಯಾದ ದಾರಿ, ಆದರೆ ಅದು ಜೋಳದ ಬೀಜದ ಹಾಗಲ್ಲ, ಒಣಗಿದರೆ ಸತ್ತಿತು. ಹಣ್ಣಿನ ಮೈಮೇಲೆ ಹಾವಿನ ಪೊರೆಯಂಥ ಹುರುಪೆ ಸಾಲುಗಳಿರುತ್ತವೆ. ಹಸಿರು ಹೋಗಿ ಹುರುಪೆ ಹುಲ್ಲಿನ ಬಣ್ಣಕ್ಕೆ ತಿರುಗಿ, ಸುಲಭವಾಗಿ ಸುಲಿದು ಬಂದರೆ ಬಲಿತಿದೆ. ಒಂದು ರಾತ್ರಿ ನೀರಲ್ಲಿ ನೆನೆಸಿ, ಮರುದಿನ ಉಸುಕಿನ ಜೊತೆ ಗೋಣಿಯಲ್ಲಿ ಹಾಕಿ ತಿಕ್ಕಿ ಹುರುಪೆ, ಹುಳಿ ತಿರುಳು ಎರಡನ್ನೂ ಪೂರ್ತಿ ತೆಗೆಯಬೇಕು. ತಿರುಳು ಉಳಿದರೆ ಬೂಷ್ಟು ಹಿಡಿಯುತ್ತದೆ. ತೇಲಿದ ಬೀಜ ಜೊಳ್ಳು. ಬಿಸಿಲಿಗೆ ಇಡಲೇಬಾರದು. ಒಂದೆರಡು ವಾರದೊಳಗೆ ಬಿತ್ತಬೇಕು, ಅಲ್ಲಿಯವರೆಗೆ ತೇವದ ಕಟ್ಟಿಗೆ ಹೊಟ್ಟಿನಲ್ಲಿ ಇರಲಿ. ಹಣ್ಣಿನ ಬುಟ್ಟಿಗೆ ಉಸುಕು, ಕಳಿತ ಎಲೆಗೊಬ್ಬರ ಸಮವಾಗಿ ತುಂಬಿ, ಅರ್ಧ ಇಂಚು ಆಳಕ್ಕೆ ಹಾಕಿ, ಮೇಲೆ ಹೊಟ್ಟು ಮುಚ್ಚಿ ನೆರಳಲ್ಲಿಡಿ. ಇಲಿ, ಅಳಿಲು ಬಾರದಂತೆ ಜಾಳಿಗೆ ಹೊದಿಸಿ. ಮೊಳೆಯಲು ಒಂದರಿಂದ ಮೂರು ತಿಂಗಳು, ಕೆಲವು ಆರು ತಿಂಗಳೂ ತೆಗೆದುಕೊಳ್ಳುತ್ತವೆ. ಬುಟ್ಟಿ ಬೇಗ ಕೊಡವಬೇಡಿ. ಮೊದಲ ಎಲೆ ಬಿಚ್ಚುವ ಮುಂಚೆ, ಸೂಜಿಯಂತಿರುವಾಗಲೇ 6×9 ಇಂಚಿನ ಚೀಲಕ್ಕೆ ಬದಲಿಸಿ. ಒಂದರಿಂದ ಒಂದೂವರೆ ವರ್ಷ ಚೀಲದಲ್ಲಿ ಬೆಳೆದು 1 ಅಡಿ ದಾಟಿದ ಮೇಲೆ ನೆಲಕ್ಕೆ.

ಮನೆಯಲ್ಲೇ ಬೀಜ ಆಗಬೇಕೆಂದರೆ ಒಂದು ಗಿಡ ಸಾಲದು. ಐದು ಹಚ್ಚಿದರೆ ಐದೂ ಒಂದೇ ಲಿಂಗದ್ದಾಗುವ ಸಾಧ್ಯತೆ 16ಕ್ಕೆ 1.

ಜಾತಿಯ ಆಯ್ಕೆಯೂ ಮುಖ್ಯ. ಬಯಲುಸೀಮೆಗೆ ಹೊಂದುವುದು ಕ್ಯಾಲಮಸ್ ರೊಟಾಂಗ್, ದಕ್ಷಿಣ ಭಾರತದ ಬಯಲಲ್ಲಿ ಕೆರೆ, ಹಳ್ಳದ ದಂಡೆಗೆ ಬೆಳೆಯುವ ಸಣ್ಣ ಕಾಂಡದ ಬೆತ್ತ. ಕಲಘಟಗಿ, ಹಾನಗಲ್ಲದಂಥ ಕಡೆ ಹಂದಿಬೆತ್ತ ಪ್ರಯತ್ನಿಸಬಹುದು, ಅದು ದಪ್ಪ ಕಾಂಡದ್ದು, ಗುಂಪಾಗಿ ಬೆಳೆಯುತ್ತದೆ. ನಾಗಬೆತ್ತದ ಆಸೆ ಬಿಡಿ. 1970ರಲ್ಲಿ ಸಸ್ಯಶಾಸ್ತ್ರದವರು ಅದಕ್ಕೆ ಹೆಸರಿಡುವಾಗ ಕನ್ನಡದ ಹೆಸರನ್ನೇ ಇಟ್ಟುಕೊಂಡರು. ಅದು ಕೊಡಗು, ಸುಬ್ರಹ್ಮಣ್ಯ ಕಡೆಯ ದಟ್ಟ ಕಾಡಿನದು, ನಮ್ಮ ಒಣ ಗಾಳಿಗೆ ತಡೆಯದು. ಯಾವುದೇ ಆಗಲಿ, ಕಾಡಿನಿಂದ ಕಿತ್ತು ತರಬೇಡಿ. ಅದು ಅಪರಾಧ, ಮೇಲಾಗಿ ಘಟ್ಟದ ಬೆತ್ತ ಈಗಾಗಲೇ ಕಡಿದು ಕಡಿದು ಬರಿದಾಗುತ್ತಿದೆ. ಸಸಿ ಬೇಕಾದರೆ ಶಿರಸಿಯ ಅರಣ್ಯ ಕಾಲೇಜು, ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ವಿಚಾರಿಸಿ. ಬೆತ್ತದ ಬಗ್ಗೆ ಆಳವಾಗಿ ಕೆಲಸ ಮಾಡಿದ್ದು ಕೇರಳದ ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆ.

ಹೆಣಿಗೆ (ಹುಬ್ಬಳ್ಳಿ):

ಕೊಯ್ಲಿನ ಬಗ್ಗೆ ಈಗಲೇ ತಿಳಿದಿರಲಿ, ಏಕೆಂದರೆ ಜಾತಿ ಆರಿಸುವಾಗಲೇ ಅದು ತೀರ್ಮಾನವಾಗುತ್ತದೆ. ಒಂಟಿಯಾಗಿ ಬೆಳೆಯುವ ಜಾತಿಯನ್ನು ಒಮ್ಮೆ ಕಡಿದರೆ ಮುಗಿಯಿತು, ಸುಳಿ ಹೋದ ಮೇಲೆ ಮತ್ತೆ ಚಿಗುರದು. ಗುಂಪಿನ ಜಾತಿಯಲ್ಲಿ ಬಲಿತ ಕಾಂಡ ಮಾತ್ರ ತೆಗೆದು ಎಳೆಯವನ್ನು ಬಿಡುತ್ತ ಹೋದರೆ ವರ್ಷಗಟ್ಟಲೆ ಸಿಗುತ್ತದೆ.

ನಮ್ಮ ಕಡೆ ಏಳೆಂಟು ವರ್ಷಕ್ಕೆ ಮೊದಲು ಕಡಿಯುವ ಮಾತಿಲ್ಲ. ಕಾಂಡದ ಕೆಳಭಾಗದ ಮುಳ್ಳಿನ ಹಾಳೆ ತಾನೇ ಒಣಗಿ ಉದುರಿ ಒಳಗಿನ ನುಣುಪು ಮೈ ಕಾಣಬೇಕು. ನೆಲದಿಂದ 1 ಅಡಿ ಬಿಟ್ಟು ಕಡಿದು, ಮರದಿಂದ ಎಳೆಯಿರಿ. ಎಳೆಯುವವರು ಕಾಂಡದ ನೇರಕ್ಕೆ ನಿಲ್ಲಬಾರದು, ಮೇಲಿನ ಒಣ ಟೊಂಗೆಯೂ ಜೊತೆಗೆ ಬೀಳುತ್ತದೆ. ತುದಿಯ 2 ಮೀಟರ್ ಎಳಸು ಭಾಗ ಹೆಣಿಗೆಗೆ ಬಾರದು, ಒಣಗಿದರೆ ಸುಕ್ಕುತ್ತದೆ.

ಕಡಿದ ಬೆತ್ತವನ್ನು ಎರಡು ದಿನ ಹಸಿಯಾಗಿ ರಾಶಿ ಹಾಕಿದರೆ ನೀಲಿ ಕಲೆ ಹಿಡಿಯುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಅಂದೇ ಹಾಳೆ ಕೆರೆದು, ತೆಂಗಿನ ನಾರು ಮತ್ತು ಉಸುಕಿನಿಂದ ತಿಕ್ಕಿ ತೊಳೆದು, ಗೆಣ್ಣು ಸವರಬೇಕು. ಕುಟ್ಟೆ ಹುಳು ತಡೆಯಲು ಬೋರಾಕ್ಸ್, ಬೋರಿಕ್ ಆಸಿಡ್ ಒಂದೂವರೆಗೆ ಒಂದರ ಪ್ರಮಾಣದಲ್ಲಿ ಸೇರಿಸಿ, 10 ಲೀಟರ್ ನೀರಿಗೆ ಅರ್ಧ ಕಿಲೋ ಕರಗಿಸಿ ಹಸಿ ಬೆತ್ತವನ್ನು ಅದರಲ್ಲಿ ಮುಳುಗಿಸಿಡಿ. ಆಮೇಲೆ ನೆರಳಲ್ಲಿ, ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಿ ಎರಡು ಮೂರು ವಾರ ಒಣಗಿಸಿ. ಕಾರ್ಖಾನೆಗಳಲ್ಲಿ ಡೀಸೆಲ್, ಸೀಮೆಎಣ್ಣೆಯಲ್ಲಿ ಕುದಿಸುವ ಪದ್ಧತಿ ಇದೆ, ಮನೆಯಲ್ಲಿ ಅದನ್ನು ಮಾಡಲೇಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಬಾಗಿಸಲು ಅರ್ಧ ತಾಸು ಹಬೆ ಸಾಕು. ಬೆತ್ತ ಬಿದಿರಿನ ಹಾಗೆ ಟೊಳ್ಳಲ್ಲ, ಒಳಗೆಲ್ಲ ಗಟ್ಟಿ ನಾರು. ಅದಕ್ಕೇ ಬಾಗಿದರೂ ಸೀಳುವುದಿಲ್ಲ.

ಎರಡು ಗಿಡದಿಂದ ಸೋಫಾ ಸೆಟ್ ಆಗದು. ಒಂದು ಬುಟ್ಟಿಯ ಕಟ್ಟು, ಕುರ್ಚಿಯ ಕೈಪಟ್ಟಿ, ಒಂದೆರಡು ಊರುಗೋಲು ಆದೀತು. ಹೊರಗೆ ಸಾಗಿಸುವಷ್ಟು ಬೆಳೆದರೆ ಕಡಿಯುವ ಮೊದಲೇ ಹತ್ತಿರದ ಅರಣ್ಯ ಕಚೇರಿಯಲ್ಲಿ ಸಾಗಣೆ ಪರವಾನಗಿಯ ವಿಚಾರ ಕೇಳಿಕೊಳ್ಳಿ.

ಹಿತ್ತಲಗಿಡ (ಧಾರವಾಡ):

ಎಲ್ಲಾರ ಮಾತೂ ಬರಕೊಂಡೇನ್ರಿ. ಈ ವಾರ ಮಸಾರಿ ಮಣ್ಣು ತರಸ್ತೀವಿ. ಒಂದ ಸಂಶಯ ಉಳೀತು. ಬೇವಿನ ಮೂಡಣ ಬಾಜೂಕ 12 ಅಡಿ ಮ್ಯಾಲೆ ಮನಿಗೆ ಬರೂ ಕರೆಂಟಿನ ವಾಯರ್ ಹಾದೈತಿ. ಅಲ್ಲಿ ಹಚ್ಚಬಹುದೋ?

ಎಲೆಬಳ್ಳಿ (ಹಾನಗಲ್ಲ):

ಬೇಡ. ಬೆತ್ತದ ಚಾವಟಿ ವಾಯರಿಗೂ ಕೊಕ್ಕೆ ಹಾಕುತ್ತದೆ, ಹಸಿ ಗರಿಯಲ್ಲಿ ಕರೆಂಟು ಹರಿಯುತ್ತದೆ, ಬಿಡಿಸಲು ಹೋದವರಿಗೆ ಅಪಾಯ. ಬೇವಿನ ಬಡಗಣ ಬದಿ ನೋಡಿ. ಅಲ್ಲಿ ವಾಯರ್ ಇಲ್ಲದಿದ್ದರೆ ದಿಬ್ಬ ಅಲ್ಲೇ ಮಾಡಿ, ಪಡುವಲ ಕಡೆಗೆ ನೆಟ್ಟನ್ನು ನೆಲದಿಂದ 6 ಅಡಿವರೆಗೆ ಪರದೆಯಂತೆ ಇಳಿಬಿಡಿ. ಜೂನ್, ಜುಲೈಯ ಪಡುಗಾಳಿಗೂ ಅದೇ ತಡೆಯಾಗುತ್ತದೆ. ಬಡಗಣಕ್ಕೂ ವಾಯರ್ ಇದ್ದರೆ ಮಣ್ಣು ತರಿಸುವ ಮೊದಲು ಲೈನ್‌ಮನ್ ಕರೆಸಿ ವಾಯರನ್ನು ಗೋಡೆಯ ಗುಂಟ ಬದಲಿಸಿಕೊಳ್ಳಿ. ಗಿಡ ಎದ್ದ ಮೇಲೆ ಆ ಕೆಲಸ ಮುಳ್ಳಿನ ನಡುವೆ ಆಗಬೇಕಾಗುತ್ತದೆ.